ಹಿಮಕ್ಕೆಂದು ಕೊಂಡ ಚಕ್ರಗಳು

ಗುಬ್ಬಿ
ಗುರುವಾರ, 9 ಜನವರಿ 2025

ಮುದ್ದು ಮಗಳು ಹರ್ಷಿತಾಳಿಗೆ ಅಮ್ಮನ ಆಶೀರ್ವಾದ.

ಈ ಕಾಗದ ನಿನ್ನ ಕೈಗೆ ಸಿಕ್ಕಿತು ಎಂದರೆ ನಿಪ್ಪಟ್ಟಿನ ಡಬ್ಬ ತಳ ಕಂಡಿದೆ ಎಂದೇ ಲೆಕ್ಕ. ಖಾಲಿ ಮಾಡಿದವಳು ನಿನ್ನ ಗೆಳತಿ ಹೇಮಶ್ರೀ ಎಂದು ನಾನು ಇಲ್ಲಿಂದಲೇ ಹೇಳಬಲ್ಲೆ. ಕುಣಿಗಲ್‌ನ ಆ ಹುಡುಗಿ ನಮ್ಮ ಮನೆಗೆ ಬಂದರೆ ಮೊದಲು ಅಡುಗೆಮನೆಗೆ ಹೋಗುತ್ತಾಳೆ, ಆಮೇಲೆ ನಮಗೆ ನಮಸ್ಕಾರ ಹೇಳುತ್ತಾಳೆ. ಅದು ಹಾಗಿರಲಿ. ಲಕೋಟೆಯ ಮೇಲೆ, ಮನಾಲಿ ಮುಟ್ಟಿದ ಮೇಲೆಯೇ ಒಡೆಯಬೇಕು, ಮೊದಲೇ ಒಡೆದರೆ ನನ್ನಾಣೆ ಎಂದು ಬರೆದಿದ್ದೇನೆ. ದೇವರ ಆಣೆ ಎಂದರೆ ನೀನು ನಗುತ್ತೀಯ. ನನ್ನಾಣೆಯನ್ನು ಮಾತ್ರ ಚಿಕ್ಕಂದಿನಿಂದಲೂ ಮೀರಿದವಳಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ. ಕಾಗದದಲ್ಲಿ ನನ್ನ ಮಾತು ಮುಗಿಯುವವರೆಗೆ ನೀನು ಸುಮ್ಮನಿರಲೇಬೇಕು.

ನಾನು ಅಡುಗೆಮನೆಯ ಕಿಟಕಿಯ ಪಕ್ಕ ಕುಳಿತು ಬರೆಯುತ್ತಿದ್ದೇನೆ. ಹೊರಗೆ ನೀವಿಬ್ಬರೂ ಆ ಕೆಂಪು ಕಾರಿನ ಹಿಂದಿನ ಸೀಟು ಮಡಚಿ ನಾಲ್ಕು ಚಕ್ರಗಳನ್ನು ತುಂಬುತ್ತಿದ್ದೀರಿ. ನನ್ನ ಹಳೇ ಕಾಟನ್ ಸೀರೆಗಳಲ್ಲಿ ಸುತ್ತಿದ ಅವು ಬಾಣಂತಿ ಕೋಣೆಯಿಂದ ತಂದ ಕೂಸುಗಳ ಹಾಗೆ ಕಾಣುತ್ತಿವೆ. ಗೀರು ಬೀಳದ ಹಾಗೆ ನಾನೇ ಸುತ್ತಿಕೊಡುತ್ತೇನೆ ಎಂದು ಹಟ ಹಿಡಿದಾಗ ನೀನು ನನ್ನನ್ನು ತಬ್ಬಿಕೊಂಡು, "ನಮ್ಮಮ್ಮ ದಾರಿಗ್ ಬಂದ್ಳು ಕಣೇ" ಎಂದು ಹೇಮಶ್ರೀಗೆ ಹೇಳಿದೆ. ಅದನ್ನು ಕೇಳಿ ನನಗೆ ಸಂತೋಷವೂ ಆಯಿತು, ಒಳಗೊಳಗೇ ನಗುವೂ ಬಂತು.

ತುಮಕೂರಿನ ಟೈರ್ ಅಂಗಡಿಗೆ ನೀನು ನನ್ನನ್ನು ಕರೆದುಕೊಂಡು ಹೋದ ದಿನ ನೆನಪಿದೆಯಾ? ನಿನಗೆ ದೊಡ್ಡ ರಿಮ್ ಬೇಕು. ಹೊಳೆಯಬೇಕು, ಅದರ ಸುತ್ತ ರಬ್ಬರು ಬಳೆಯಷ್ಟೇ ಕಾಣಬೇಕು. ಅಂಗಡಿಯ ಮಲ್ಲಿಕಾರ್ಜುನ್ ತಲೆ ಆಡಿಸಿ, "ಮೇಡಂ, ಶೋಕಿಗಾದ್ರೆ ಅದು. ಐಸ್ ಮ್ಯಾಲೆ ಓಡ್ಸೋಕಾದ್ರೆ ಇದು" ಎಂದು ಒಂದು ಸೈಜ್ ಚಿಕ್ಕ ರಿಮ್ಮನ್ನು, ದಪ್ಪ ರಬ್ಬರಿನ ಟೈರನ್ನು ಮುಂದಿಟ್ಟ. ವಿದೇಶದಿಂದ ತರಿಸಿದ ಚಳಿಗಾಲದ ಟೈರು. ನಮ್ಮ ಬಿಸಿಲಿನ ರಸ್ತೆಯಲ್ಲಿ ಓಡಿಸಿದರೆ ಸವೆದೇ ಹೋಗುತ್ತದೆ, ಮನಾಲಿ ಬೆಟ್ಟದ ಬುಡದ ಮಂಡಿ ಊರಿನವರೆಗೆ ಮಾಮೂಲಿ ಚಕ್ರದಲ್ಲಿ ಹೋಗಿ, ಅಲ್ಲಿ ಇವನ್ನು ಹಾಕಿಕೊಂಡು ಬೆಟ್ಟ ಹತ್ತಿ ಎಂದು ಹೇಳಿಕೊಟ್ಟವನೂ ಅವನೇ. ಟೈರಿನ ಪಕ್ಕೆಯ ಮೇಲೆ ಒಂದು ಬೆಟ್ಟ, ಅದರೊಳಗೆ ಒಂದು ಮಂಜಿನ ಹೂವು ಬರೆದಿತ್ತು. ಅದನ್ನು ಬೆರಳಲ್ಲಿ ಸವರಿ, "ಈ ಗುರುತಿದ್ರೆ ನಂಬಬೋದಮ್ಮ" ಎಂದೆ ನೀನು. ಆ ಮಾತನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡೆ.

ಅವನು ಒಂದು ಚಕ್ರ ಹಾಕಿ ಅಳತೆ ನೋಡುವಾಗ ನೀನು ಫೋನಿನಲ್ಲಿದ್ದೆ. ಚಕ್ರ ಕೂರುವ ಜಾಗವನ್ನು ಅವನು ತಂತಿ ಬ್ರಷ್ಷಿನಲ್ಲಿ ಉಜ್ಜಿದ, ಬಟ್ಟೆಯಲ್ಲಿ ಒರೆಸಿದ, ಬಾಯಲ್ಲಿ ಊದಿದ. ದೇವರ ಪಾತ್ರೆಯನ್ನೂ ನಾನು ಅಷ್ಟು ಉಜ್ಜುವುದಿಲ್ಲ. ಇದೇನಪ್ಪ ಇಷ್ಟು ಮಡಿ ಎಂದು ಕೇಳಿದೆ. "ಚಕ್ರದ ಬೆನ್ನು ಇಲ್ಗೆ ಪೂರ್ತಿ ಒತ್ಕೊಂಡು ಕೂರ್ಬೇಕು ಕಣಮ್ಮ. ಮಧ್ಯದಲ್ಲಿ ಒಂದ್ ಚೂರು ಏನಾರ ಸಿಕ್ಕೊಂಡ್ರೂ ಓಡ್ತಾ ಓಡ್ತಾ ನಟ್ಟು ಸಡ್ಲ ಆಯ್ತದೆ" ಎಂದ. ಅಷ್ಟು ಬಿಗಿಯಾಗಿ ಕೂರುವ ಜಾಗವೇ ಎಂದು ನಾನು ಬಗ್ಗಿ ನೋಡಿದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅಲ್ಲಿ ಇಟ್ಟದ್ದು ಬೀಳುವುದೂ ಇಲ್ಲ.

ಈಗ ಜಗಳದ ವಿಷಯ. ಆಯುಧಪೂಜೆಯ ದಿನ ನಿನ್ನ ಹೊಸ ಕಾರಿಗೆ ನಾನು ಇಟ್ಟ ಅರಿಶಿನ ಕುಂಕುಮವನ್ನು ನೀನು ಸಂಜೆಯೊಳಗೆ ಒರೆಸಿ ಹಾಕಿದೆ. ನಿಂಬೆಹಣ್ಣಿನ ರಸ ತಾಗಿ ಬಣ್ಣ ಹೋಗುತ್ತದೆ ಎಂದು ಕೂಗಾಡಿದೆ. ಮಾರನೇ ವಾರವೇ ವಸಂತನರಸಾಪುರದಲ್ಲಿ, ನಿನ್ನ ಫ್ಯಾಕ್ಟರಿ ಗೇಟಿನ ಎದುರೇ, ಲಾರಿಯೊಂದು ಉಜ್ಜಿಕೊಂಡು ಹೋಗಿ ಕನ್ನಡಿ ಕಿತ್ತುಕೊಂಡು ಹೋಯಿತು. ಅವತ್ತಿನಿಂದ ನನ್ನ ಎದೆಯಲ್ಲಿ ಒಂದು ಭಯ ಕೂತಿದೆ ಕಣೇ. ಮಂಜಿನ ರಸ್ತೆಯಲ್ಲಿ ಕಾರುಗಳು ಜಾರಿ ಗಿರಗಿರ ತಿರುಗುವ ವಿಡಿಯೋಗಳನ್ನು ನಿನ್ನ ಅಪ್ಪನಿಗೆ ಗೊತ್ತಾಗದ ಹಾಗೆ ನೋಡುತ್ತೇನೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಆ ಏನೂ ಇಲ್ಲದ ಕಡೆ ಕಂಡರೆ ಫೋನನ್ನು ಮಗುಚಿ ಇಟ್ಟುಬಿಡುತ್ತೇನೆ.

ಕಾರಿಗೆ ಒಂದು ಮೆಣಸಿನಕಾಯಿ ಕಟ್ಟಿದರೂ ಹೇಳದೆ ಕೇಳದೆ ಹೊರಟುಬಿಡುತ್ತೇನೆ ಎಂದು ನೀನು ಹೆದರಿಸಿದೆ. ಕಾರಿನ ಮೇಲೆ ಏನೂ ಕಟ್ಟುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಹೋಗಿ ನೋಡು, ಒಂದು ಕರಿದಾರವೂ ಇಲ್ಲ. ಕೊಟ್ಟ ಮಾತಿಗೆ ತಪ್ಪಿಲ್ಲ.

ನಿನ್ನ ಅಪ್ಪನ ಸುದ್ದಿ ಕೇಳು. ಅವರ ಹಳೇ ಕಾರಿನ ಎಡಗಡೆ ಮುಂದಿನ ಚಕ್ರ ಈ ನಡುವೆ ಗಡಗಡ ಎನ್ನುತ್ತದಂತೆ. ಸಿ.ಎಸ್. ಪುರದ ಸ್ಕೂಲಿಗೆ ಹೋಗುವಾಗ ಇಳಿದು ನೋಡಿದರೆ ನಟ್ಟುಗಳು ಸಡಿಲ. ಬಿಗಿ ಮಾಡಿಸಿದರು, ವಾರ ಕಳೆಯುವುದರೊಳಗೆ ಮತ್ತೆ ಸಡಿಲ. ಹೆಡ್‌ಮಾಸ್ಟರ್ ಗಂಗಾಧರಯ್ಯನವರಿಗೆ ಮಕ್ಕಳ ಕಿವಿ ಹಿಂಡಲು ಬರುತ್ತದೆ, ನಟ್ಟು ತಿರುಗಿಸಲು ಬರುವುದಿಲ್ಲ ಎಂದು ನಾನು ರೇಗಿಸಿದೆ. ಅವರು ಬೆಳಿಗ್ಗೆ ತಿಂಡಿಗೂ ಕೂರದೆ ಹೋದರು.

ಈಗ ಗುಟ್ಟು ಹೇಳುತ್ತೇನೆ. ನೀನು ಬೆಟ್ಟ ಹತ್ತಿ ಕ್ಷೇಮವಾಗಿ ಕುಳಿತು ಓದುತ್ತಿರುವುದರಿಂದ ಕೋಪ ಬಂದರೂ ನಷ್ಟವಿಲ್ಲ. ಕುಣಿಗಲ್ ಕಡೆ ಒಬ್ಬರ ಹತ್ತಿರ ಯಂತ್ರ ಬರೆಸಿದ ತಾಮ್ರದ ತಗಡುಗಳನ್ನು ತಂದಿದ್ದೆ. ಹೆಬ್ಬೆರಳಷ್ಟು ಅಗಲ, ವೀಳ್ಯದೆಲೆಯಷ್ಟೇ ದಪ್ಪ. ಸೀರೆ ಸುತ್ತುವ ಮೊದಲು, ಎರಡು ನಟ್ಟಿನ ತೂತುಗಳ ನಡುವೆ, ಒಂದೊಂದು ಚಕ್ರದ ಬೆನ್ನಿಗೂ ಒಂದೊಂದನ್ನು ಗಟ್ಟಿ ಅಂಟು ಹಾಕಿ ಕೂರಿಸಿದೆ. ಮೇಲೆ ರಿಮ್ಮಿನದೇ ಕಪ್ಪು ಬಣ್ಣ ಬಳಿದೆ. ಇಷ್ಟು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದದ್ದು ಸುಮ್ಮನೆ ಅಲ್ಲ, ನೀನು ಎಷ್ಟೇ ಸೂಕ್ಷ್ಮದವಳಾದರೂ ಪತ್ತೆ ಹಿಡಿಯಲು ಆಗಿರುವುದಿಲ್ಲ. ಮಲ್ಲಿಕಾರ್ಜುನ್ ಹೇಳಿದ್ದು ಕಸದ ಮಾತು, ತುಕ್ಕಿನ ಮಾತು. ದೇವರ ತಗಡು ಕಸವೇ? ನೀನು ಟೈರಿನ ಮೇಲಿನ ಬೆಟ್ಟ, ಹೂವು ನೋಡಿ ನಂಬಿದೆ. ನಾನು ತಗಡಿನ ಮೇಲಿನ ಗೆರೆ ನೋಡಿ ನಂಬಿದೆ. ನಮ್ಮಿಬ್ಬರದೂ ಒಂದೇ ಬುದ್ಧಿ ಬಿಡು.

ಸ್ವೆಟರ್ ಹಾಕಿಕೋ. ಹೇಮಶ್ರೀಗೂ ಸ್ವಲ್ಪ ಹೊತ್ತು ಓಡಿಸಲು ಕೊಡು. ವಾಪಸು ಬರುವಾಗಲೂ ಆ ತಗಡುಗಳನ್ನು ಕೀಳಬೇಡ, ಇಷ್ಟೇ ನನ್ನ ಬೇಡಿಕೆ.

ನಿನ್ನನ್ನು ಗೆದ್ದೆ ಎಂದು ಬೀಗುತ್ತಿರುವ,
ಅಮ್ಮ
ಆಶಾರಾಣಿ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ಅಪ್ಪ ಆಟೋದಲ್ಲಿ ಬಂದಿಳಿದರು. ಮುಖ ಬಿಳಿಚಿಕೊಂಡಿತ್ತು. ನೀವಿಬ್ಬರೂ ಪೇಟೆಗೆ ಹೋಗಿದ್ದದ್ದು ಒಳ್ಳೆಯದಾಯಿತು. ಗುಬ್ಬಿ ಕೆರೆಯ ತಿರುವಿನಲ್ಲಿ ಆ ಎಡಗಡೆ ಚಕ್ರ ಕಳಚಿಕೊಂಡು ಕಾರಿಗಿಂತ ಮುಂದೆ ಉರುಳಿ ಹೋಯಿತಂತೆ. "ದನ ಅಡ್ಡ ಬಂದಿದ್ವು, ನಿಧಾನಕ್ಕೆ ಬರ್ತಿದ್ದೆ ಕಣೇ, ಅದ್ಕೇ ಉಳ್ಕೊಂಡೆ" ಎಂದರು. ಮೈಮೇಲೆ ಒಂದು ತರಚು ಗಾಯವೂ ಇಲ್ಲ. ಅವರಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ. ಕಳೆದ ತಿಂಗಳು ಪಂಕ್ಚರ್ ಹಾಕಿಸಲು ಅದೇ ಚಕ್ರವನ್ನು ಬಿಚ್ಚಿ ಅಂಗಳದಲ್ಲಿ ಇಟ್ಟಿದ್ದಾಗ, ಮೊದಲ ತಗಡನ್ನು ನಾನು ಅದರ ಬೆನ್ನಿಗೇ ಅಂಟಿಸಿ ಪರೀಕ್ಷೆ ಮಾಡಿದ್ದೆ. ಅವರ ಮಾತು ಕೇಳಿ ಒಂದು ಗಳಿಗೆ ನನಗೂ ಮಲ್ಲಿಕಾರ್ಜುನ್ ಹೇಳಿದ ನಟ್ಟಿನ ಮಾತು ನೆನಪಾಯಿತು. ನೀನು ಬಂದೆಯೇನೋ, ಹೇಳಿಬಿಡೋಣ ಎಂದು ಎದ್ದು ಬಾಗಿಲವರೆಗೂ ಹೋದೆ. ಆದರೆ ಹೇಳಿದರೆ ನೀನು ನಾಲ್ಕನ್ನೂ ಕಿತ್ತೆಸೆದು ಬರಿಯ ಚಕ್ರದ ಮೇಲೆ ಆ ಬೆಟ್ಟ ಹತ್ತುತ್ತೀಯ. ಹೊರಡುವ ಹೊತ್ತಿನಲ್ಲಿ ಕೆಟ್ಟ ಸುದ್ದಿ ಬೇಡ ಎಂದು ಅಪ್ಪನ ಬಾಯಿಯನ್ನೂ ಮುಚ್ಚಿಸಿದ್ದೇನೆ. ಕಾರು ಗ್ಯಾರೇಜಿನಲ್ಲಿದೆ ಎಂದಷ್ಟೇ ನಿನಗೆ ಹೇಳುತ್ತಾರೆ. ಚಕ್ರವೇ ಕಳಚಿ ಹೋದರೂ ಅವರು ನಡೆದುಕೊಂಡು ಮನೆಯೊಳಗೆ ಬಂದರಲ್ಲ, ಹರ್ಷಿ. ಅವರಿಗೆ ಇದ್ದದ್ದು ಒಂದೇ ತಗಡು. ನಿನಗೆ ನಾಲ್ಕು ಇವೆ.