ದಾಕ್ಷಾಯಣಿ ಅವ್ವನ ಒಂದು ‘ಇಲ್ಲ’

ಗದಗ, ಫೆಬ್ರವರಿ ಮೂವತ್ತು, ೨೧೧೧

ಪೂಜ್ಯ ದಾಕ್ಷಾಯಣಿ ಅವ್ವನವರಿಗೆ, ನಿಮ್ಮ ಮರಿಮೊಮ್ಮಗನ ಹೆಂಡತಿ ನೀಲಾಂಬಿಕೆ ಮಾಡುವ ಶರಣು. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ ಬರುತ್ತಿದೆ; ವಯಸ್ಸಿನಲ್ಲಿ ನೀವೀಗ ನನಗಿಂತ ಚಿಕ್ಕವರು, ವರಸೆಯಲ್ಲಿ ಅವ್ವ. ನಿಮ್ಮನ್ನು ಬೈಯಬೇಕೆಂದೇ ಕೂತೆ, ಆದರೆ ಬೇಡುವುದೇ ನನ್ನ ಪಾಲಿಗೆ ಬಂದಿದೆ.

ನನ್ನ ಮಗಳು ಕಿನ್ನರಿಗೆ ಐದು ವರ್ಷ. ತಿಂಗಳಿಗೊಮ್ಮೆ ಮೈ ಕೆಂಡವಾಗುತ್ತದೆ, ಹೊಟ್ಟೆ ನೋಯುತ್ತದೆ, ಕೆಂಪು ದದ್ದು ಏಳುತ್ತದೆ. ವಾರ ಕಳೆದರೆ ಏನೂ ಆಗಿಲ್ಲವೆಂಬಂತೆ ಕುಣಿಯುತ್ತಾಳೆ. ಸೋಂಕಿಲ್ಲ. ಮೈ ತನ್ನ ಮೇಲೆ ತಾನೇ ಉರಿದು ಬೀಳುವ, ವಂಶದಿಂದ ಬಂದ ಕಾಯಿಲೆ ಇರಬಹುದಂತೆ. ಹಾಗೇ ಬಿಟ್ಟರೆ ಮೂತ್ರಪಿಂಡ ಹೋಗುತ್ತದೆ. ಇದಕ್ಕೆ ನಮ್ಮಲ್ಲಿ ತಿದ್ದುಮದ್ದು ಇದೆ. ಅದು ಜೀನನ್ನೇ ಬದಲಿಸುತ್ತದೆ. ಕೊಟ್ಟಮೇಲೆ ಹಿಂದೆ ತೆಗೆಯಲಾಗದು. ಹಾಗಾಗಿ ಸಾಕ್ಷಿಕಟ್ಟೆ ಒಪ್ಪಬೇಕು. ಊರಿಗೊಂದು ಕಟ್ಟೆ ಇರುತ್ತದೆ. ಮಗುವಿನ ಜೀನಿನಲ್ಲಿ ಕಂಡ ಬದಲಾವಣೆಯೇ ರೋಗಕ್ಕೆ ಕಾರಣವೋ, ಮಚ್ಚೆಯ ಹಾಗೆ ಸುಮ್ಮನೆ ಬಂದದ್ದೋ ಎಂದು ಐವರು ವೈದ್ಯರು ಬೇವಿನ ನೆರಳಲ್ಲಿ ಕೂತು ತೂಗುತ್ತಾರೆ. ನಾವು ಬುತ್ತಿ ಕಟ್ಟಿಕೊಂಡು ಹೋಗಿ ಕಾಯುತ್ತೇವೆ. ರೊಟ್ಟಿ ಈಗಲೂ ಜೋಳದ್ದೇ, ಬಡಿಯುವುದು ಮಾತ್ರ ಯಂತ್ರ.

ಕಿನ್ನರಿಯ ಬದಲಾವಣೆ ಬೇರೆ ಯಾವ ಮನೆತನದಲ್ಲೂ ಕಂಡಿಲ್ಲ. ಆಸ್ಪತ್ರೆಗಳು ಕಾದಿಟ್ಟ ನಿಮ್ಮ ರಕ್ತದಲ್ಲಿದೆ, ನನ್ನ ಗಂಡನವರೆಗೆ ಎಲ್ಲರ ರಕ್ತದಲ್ಲೂ ಇದೆ. ಜೊತೆಗೆ ನೀವು ಡಾಕ್ಟರಿಗೆ ಕೊಟ್ಟ ಉತ್ತರವೂ ಉಳಿದಿದೆ: “ಇಲ್ರೀ ಸರ, ನನಗ ಸಣ್ಣಾಕಿ ಇದ್ದಾಗಿಂದ ಇಂಥ ಜ್ವರ ಬಂದೇ ಇಲ್ರೀ.” ಆ ಡಾಕ್ಟರು ನಂಬಿದರು, ಬದಲಾವಣೆಯನ್ನು ನಿರಪಾಯ ಎಂದು ಬಿಟ್ಟರು. ನಿಮ್ಮ ನಂತರದವರು ನಿಮ್ಮನ್ನು ನೋಡಿಯೇ ಕಲಿತರು: ಜ್ವರ ಬಂದರೆ ಕದ ಹಾಕಿಕೊಳ್ಳುವುದು, ಕೇಳಿದರೆ ಬಿಸಿಲು ಅನ್ನುವುದು. ನನ್ನ ಗಂಡನೂ ಬಾಯಿ ಬಿಡದೆಯೇ ತೀರಿಹೋದರು. ಈಗ ಕಟ್ಟೆಯ ಹಿರಿಯರು ನನಗೆ ಹೇಳುತ್ತಾರೆ, “ದಾಖಲೆ ಪ್ರಕಾರ ಇದನ್ನ ಹೊತ್ತವ್ರೆಲ್ಲಾ ಗಟ್ಟಿಮುಟ್ಟ ಇದ್ರು, ತಂಗಿ. ಇದು ರೋಗದ್ದು ಅಂತ ಹ್ಯಾಂಗ ಅನ್ನೂಣು?” ಅವರ ತಕ್ಕಡಿ ಸರಿಯಾಗಿಯೇ ಇದೆ. ಅದರಲ್ಲಿ ಹಾಕಿದ್ದೇ ಸುಳ್ಳು!

ಬೇಸಿಗೆಯಲ್ಲೂ ನೀವು ಕೌದಿ ಹೊದ್ದು ನಡುಗುತ್ತಿದ್ದಿರೆಂದು ನಿಮ್ಮ ತಂಗಿಯ ಮೊಮ್ಮಕ್ಕಳು ಹೇಳುತ್ತಿದ್ದರಂತೆ. ಕೇಳಿಬಂದ ಮಾತನ್ನು ಕಟ್ಟೆ ತೂಗುವುದಿಲ್ಲ. ನಿಮ್ಮ ಸಂಕಟ ನನಗೆ ಗೊತ್ತಿಲ್ಲವೆಂದಲ್ಲ. ನಿಮ್ಮ ತಂಗಿಗೆ ಗಂಡು ಗೊತ್ತಾಗುತ್ತಿದೆ, ರೋಗದ ಮನೆತನ ಅಂದುಬಿಟ್ಟರೆ ಗತಿಯೇನು ಎಂಬ ಭಯ. ನಾನೂ ಸೊಸೆಯೇ ಅಲ್ಲವೇ. ನಾಳೆ ನಿಮ್ಮ ಕೂಸು ಈರಣ್ಣನನ್ನು ಎತ್ತಿಕೊಂಡು ನೀವು ಆಸ್ಪತ್ರೆಗೆ ಹೋದಾಗ, ನಿಮಗೆ ಇಂಥ ಜ್ವರ ಬಂದಿತ್ತೇ ಎಂಬ ಆ ಪ್ರಶ್ನೆಯನ್ನು ಡಾಕ್ಟರು ಕೇಳುತ್ತಾರೆ. ನಿಮ್ಮ ಅತ್ತೆಯವರ ಮುಂದೆ ಬಾಯಿ ಬರದಿದ್ದರೆ ಅವರನ್ನು ಚಹಾ ಕುಡಿಯಲು ಕಳಿಸಿ, ಆಮೇಲೆ ಹೇಳಿ.

ತನ್ನ ಮಗಳಿಗೋಸ್ಕರ ಇವಳು ಇಷ್ಟೆಲ್ಲ ಗೋಗರೆಯುತ್ತಾಳೆ ಅಂದುಕೊಂಡೀರಿ. ಹೌದು, ಅವಳಿಗೋಸ್ಕರವೇ ಶುರು ಮಾಡಿದೆ. ಆದರೆ ನಿಮ್ಮ ಈರಣ್ಣ ಈಗ ನಿಮ್ಮ ತೊಡೆಯ ಮೇಲೆ ಮಲಗಿರಬಹುದು. ಅವನಿಗೆ ಮುಂದೆ ಏನಾಯಿತೆಂದು ನನಗೆ ಗೊತ್ತು, ಅವ್ವ. ಕಿನ್ನರಿಯದೇ ಜ್ವರ ಅವನಿಗೂ ಬಂತು; ಮುಂದಿನದನ್ನು ನಾನು ಬರೆಯುವುದಿಲ್ಲ. ನಾಳೆ ಡಾಕ್ಟರು ಕೇಳಿದಾಗ ‘ಬಂದಿತ್ತು’ ಅನ್ನಿ.