ಅವಳ ದಾರಿಯಲ್ಲಿ ಅಳಬಾರದಂತೆ

ನವೆಂಬರ್ ೧೪, ಗುರುವಾರ

ಹೆಂಡತಿ ತೀರಿಕೊಂಡ ಮೇಲೆ ಇವತ್ತು ಮನೆ ತುಂಬ ನೆಂಟರು. ಭಾವಮೈದ ಚೀಲದಿಂದ ಒಂದು ಬೊಂಬೆ ತೆಗೆದು ಅವಳ ಫೋಟೊದ ಮುಂದಿಟ್ಟ. ಬೋಳು ತಲೆ, ಡೊಳ್ಳು ಹೊಟ್ಟೆ, ಬಾಯಿ ತುಂಬ ನಗು.

"ಅಕ್ಕ ಬುದ್ಧನ್ನ ಅಷ್ಟು ನಂಬಿದ್ಳಲ್ಲ ಭಾವ, ಅದಕ್ಕೇ ತಂದೆ."

ಅದು ಬುದ್ಧ ಅಲ್ಲ, ಎಷ್ಟೋ ಶತಮಾನಗಳ ಮೇಲೆ ಬಂದ ಚೀನಾದ ಬೇರೊಬ್ಬ ಸನ್ಯಾಸಿ. ಅವಳಿದ್ದಿದ್ದರೆ ತಮ್ಮನ ಕಿವಿ ಹಿಂಡಿ, "ಕತ್ತೆ, ಭಿಕ್ಷೆ ಎತ್ತಿ ಒಂದೇ ಹೊತ್ತು ಉಣ್ತಿದ್ದವನಿಗೆ ಈ ಹೊಟ್ಟೆ ಎಲ್ಲಿಂದ ಬರಬೇಕೋ?" ಅನ್ನುತ್ತಿದ್ದಳು. ನಾನು ತಿದ್ದಲು ಹೋಗಲಿಲ್ಲ. ಪಾಪ, ಪ್ರೀತಿಯಿಂದ ತಂದಿದ್ದಾನೆ.

ಆ ತಪ್ಪಿಗೆ ನಗಬಹುದು. ಅತ್ತೆಯ ತಪ್ಪು ನನ್ನ ಎದೆ ಹಿಂಡುತ್ತಿದೆ. ನನ್ನ ಕಣ್ಣು ತುಂಬಿದ್ದು ಕಂಡು ಹತ್ತಿರ ಬಂದು ಪಿಸುಗುಟ್ಟಿದರು: "ಅಳಬೇಡಿ ಅಳಿಯಂದ್ರೇ. ಅವಳ ದಾರೀಲಿ ಆಸೆ, ಮಮತೆ ಎಲ್ಲಾ ಬಿಡಬೇಕಂತೆ. ನಾವು ಅತ್ರೆ ಅವಳಿಗೆ ಒಳ್ಳೇದಾಗಲ್ವಂತೆ. ನಾನೂ ತಡ್ಕೊಂಡಿದೀನಿ."

ಆಗ ಹೊಳೆಯಿತು. ಹೆತ್ತ ಮಗಳು ಹೋದಾಗಿನಿಂದ ಈ ಮುದುಕಿ ಒಂದು ಹನಿ ಕಣ್ಣೀರು ಹಾಕಿಲ್ಲ. ಗಟ್ಟಿ ಹೆಂಗಸು ಅಂದುಕೊಂಡಿದ್ದೆ.

ಕಥೆ ಹೇಳಿ ಊರನ್ನೇ ಅಳಿಸಿದ ಬಾಯಿ ನನ್ನದು. ಆಗ ಕಥೆ ಬಿಟ್ಟು ಅತ್ತೆಯ ಕೈ ಹಿಡಿದುಕೊಂಡೆ. ಹೇಳಿದೆ: "ಹಾಗಲ್ಲ ಅತ್ತೆ. ಕಲ್ಲಾಗಿ ಅಂತ ಬುದ್ಧ ಯಾವತ್ತೂ ಹೇಳಲಿಲ್ಲ. ತಾಯಿ ಮಗೂನ ನೋಡೋ ಹಾಗೆ ಎಲ್ಲರನ್ನೂ ನೋಡಿ ಅಂದ, ಅಷ್ಟೇ. ನಿಮ್ಮ ಮಗಳೇ ನನಗೆ ಹೇಳಿಕೊಟ್ಟಿದ್ದು."

ಅವರು ನನ್ನ ಮುಖ ನೋಡಿ ಕೇಳಿದರು:

"ಹಾಗಾದ್ರೆ ನಾನು ಅಳಬಹುದಾ?"

ಪಕ್ಕದ ಕೋಣೆಯಲ್ಲಿ ಈಗಲೂ ಅಳುತ್ತಿದ್ದಾರೆ. ಅಳಲಿ. ಬೆಳಗಾಗುವವರೆಗೂ ಅಳಲಿ. ನಾನೂ ಇನ್ನು ತಡೆದುಕೊಳ್ಳಲಾರೆ.