ಕುತ್ತಿಗೆ ಕೊನೆಗೆ

ಮಾರ್ಚ್ ೧೨, ಮಂಗಳವಾರ

ನನ್ನ ವಟವಟ ಕಪ್ಪೆಗೆ,

ಅಮ್ಮನ ಮುತ್ತುಗಳು. ನಿನ್ನ ಕಾಗದ ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಶವಪರೀಕ್ಷೆಯ ಪಾಠಕ್ಕೆ ನನ್ನ ಹಳೆಯ ವರದಿಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೀಯಂತೆ, ವಿದ್ಯಾರ್ಥಿಗಳ ಮುಂದೆ ಅಮ್ಮನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದೀಯಂತೆ. ಕೆಳಗಿಳಿಸು ತಾಯಿ.

ಅದು ಒಬ್ಬ ಬಡಗಿಯ ಹೆಂಡತಿಯ ವರದಿ. ನೇಣಿನಲ್ಲಿದ್ದಳು, ನಾನೇ ಇಳಿಸಿದೆ ಎಂದು ಅವನು ಹೇಳಿದ್ದ. ಅವನೇ ಕತ್ತು ಹಿಸುಕಿ ಆಮೇಲೆ ನೇತುಹಾಕಿದ್ದಾನೆ ಎಂದು ನಾನು ಬರೆದೆ. ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಹನ್ನೊಂದು ವರ್ಷದ ಮಗಳು ಅಜ್ಜಿಯ ಮನೆ ಸೇರಿದಳು.

ಕುತ್ತಿಗೆಯನ್ನು ಕೊನೆಗೆ ತೆರೆಯಬೇಕೆಂದು ನಿನಗೆ ಕಲಿಸಿದವಳೇ ನಾನು. ಮೊದಲು ತಲೆ, ಎದೆ ತೆರೆದು, ಕತ್ತಿನ ರಕ್ತವೆಲ್ಲ ಬಸಿದುಹೋಗಲು ಬಿಟ್ಟು, ಆಮೇಲೆ ಸ್ನಾಯುಗಳನ್ನು ಪದರ ಪದರವಾಗಿ ಬಿಡಿಸಬೇಕು. ಇಲ್ಲದಿದ್ದರೆ ನಮ್ಮ ಚಾಕು ತಾಗಿ ಸೋರಿದ ರಕ್ತವೇ ಬೆರಳೊತ್ತಿದ ಗಾಯದಂತೆ ಕಾಣುತ್ತದೆ. ಅವತ್ತು ಇನ್‌ಸ್ಪೆಕ್ಟರು ಬಾಗಿಲಲ್ಲೇ ನಿಂತು, ಅಕ್ಕಪಕ್ಕದವರೆಲ್ಲ ಗಂಡನ ಕಡೆಗೇ ಬೆರಳು ತೋರಿಸುತ್ತಿದ್ದಾರೆ ಎಂದರು. ನಾನೂ ನಂಬಿಬಿಟ್ಟೆ. ನೇರ ಕುತ್ತಿಗೆಗೇ ಕೈ ಹಾಕಿದೆ. ಕೆಂಪು ಕಂಡಿತು. ಹುಡುಕಿದ್ದು ಸಿಕ್ಕಿತೆಂದು ಹಿಗ್ಗಿದೆ, ನಾಚಿಕೆಗೆಟ್ಟವಳು.

ತಲೆ ಇನ್ನೂ ತೆರೆದಿಲ್ಲವಲ್ಲ ಮೇಡಂ ಎಂದು ಸಹಾಯಕ ಮೆಲ್ಲಗೆ ನೆನಪಿಸಿದ. ಬಾಯಿ ಮುಚ್ಚು ಎಂದು ಗದರಿದೆ. ಆದರೆ ವರದಿಯಲ್ಲಿ, ಕುತ್ತಿಗೆಯನ್ನು ಕೊನೆಗೆ ಪರೀಕ್ಷಿಸಲಾಯಿತು ಎಂದು ದುಂಡಗೆ ಬರೆದೆ. ನೀನು ಮೆಚ್ಚಿದ್ದು ಆ ಸಾಲನ್ನೇ. ವರದಿಗೆ ಲಗತ್ತಿಸಿದ ಮೂರನೆಯ ಫೋಟೋ ನೋಡು. ಕತ್ತು ತೆರೆದಿದೆ, ತಲೆಗೂದಲು ಕಟ್ಟಿದ್ದು ಕಟ್ಟಿದ ಹಾಗೇ ಇದೆ.

ಅವನು ಕೊಂದಿಲ್ಲ ಎಂದು ಪ್ರಮಾಣ ಮಾಡಲಾರೆ. ಕೊಂದ ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ, ಅಷ್ಟೇ. ಇಪ್ಪತ್ತು ವರ್ಷ ಆಯಿತು.

ನಿವೃತ್ತಿಯಾದ ಮೇಲಾದರೂ ಬಾಯಿ ಬಿಡಬೇಕಿತ್ತು. ಅಷ್ಟರಲ್ಲಿ ನೀನು ಇದೇ ಕೆಲಸಕ್ಕೆ ಸೇರಿದ್ದೆ, ನಿನ್ನ ಕಣ್ಣಲ್ಲಿ ಸಣ್ಣವಳಾಗಲು ಹೆದರಿದೆ. ಕೋರ್ಟಿಗೆ ಕೊಡುವ ಹೇಳಿಕೆಗೆ ಸಹಿ ಹಾಕಿದ್ದೇನೆ, ಪ್ರತಿ ಇದರೊಂದಿಗಿದೆ. ನಿನಗೆ ಗೊತ್ತಿರುವ ಒಳ್ಳೆಯ ವಕೀಲರಿಗೆ ತೋರಿಸು. ಆ ಮನುಷ್ಯ ಹೊರಗೆ ಬರಲಿ, ನನ್ನ ಮರ್ಯಾದೆ ಮಣ್ಣುಪಾಲಾದರೂ ಸರಿ.

ನಿನ್ನ ಮುಖ ನೋಡಲು ಅಂಜುತ್ತಿರುವ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಜೈಲಿಗೆ ಫೋನ್ ಮಾಡಿದೆ. ಬಡಗಿ ಹೋದ ವರ್ಷವೇ ತೀರಿಕೊಂಡನಂತೆ. ದೇಹ ಕೊಂಡೊಯ್ಯಲು ಮಗಳಿಗೆ ಹೇಳಿಕಳಿಸಿದರೆ, ಅಮ್ಮನನ್ನು ಕೊಂದವನು ನನಗೆ ಯಾರೂ ಅಲ್ಲ ಎಂದಳಂತೆ. ಅವಳ ವಿಳಾಸ ಸಿಕ್ಕಿದೆ. ನಾನೇ ಹೋಗಿ ಹೇಳಬೇಕು. ಆ ಬಾಗಿಲು ತಟ್ಟಲು ಒಬ್ಬಳಿಗೇ ಧೈರ್ಯ ಸಾಲದು ಮಗಳೇ, ಜೊತೆಗೆ ಬರುತ್ತೀಯಾ?